ಹೂ ಬೀಳದ ದಿನ

ಆ ಹಟ್ಟಿಗೆ ಹೋಗುವವರು ಜೀಪನ್ನು ಹುಣಸೆಮರದ ಹತ್ತಿರವೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಚಪ್ಪಲಿ ಇಲ್ಲ. ಸರ್ಕಾರಿ ಪಶುವೈದ್ಯೆಗೂ ಇಲ್ಲ, ಓಟು ಕೇಳಲು ಬರುವವರಿಗೂ ಇಲ್ಲ. ದಾರಿಯ ತುಂಬ ಜಾಲಿಮುಳ್ಳು. ಮೊಳಕಾಲ್ಮುರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಈ ನಿಯಮದ ಮೇಲೆ ನಾನು ಬಾಯಿಗೆ ಬಂದಂತೆ ಗೊಣಗಿದ್ದೇನೆ. ನಮ್ಮ ಮನೆ ಚಳ್ಳಕೆರೆ. ನನ್ನ ಅಬ್ಬಾ ಬಸ್ಸು, ಲಾರಿಗಳ ಬ್ರೇಕ್ ಕೆಲಸದ ಮೆಕ್ಯಾನಿಕ್. ಗ್ಯಾರೇಜಿನ ಗ್ರೀಸು ಮೆತ್ತಿಕೊಂಡು ಬೆಳೆದ ಕಾಲಿಗೆ ಮುಳ್ಳಿನ ಅಭ್ಯಾಸ ಎಲ್ಲಿಂದ ಬರಬೇಕು? ಹಟ್ಟಿಯ ಹಿರಿಯ ಕಿಲಾರಿ, ಎಲ್ಲರೂ ಅಜ್ಜ ಎಂದು ಕರೆಯುತ್ತಿದ್ದವರು, ನಾನು ಕುಂಟುತ್ತ ಬರುವುದನ್ನು ನೋಡಿ ಪ್ರತಿ ಸಲವೂ ನಗುತ್ತಿದ್ದರು.

"ಊರಿನ ದನಕ್ಕೆಲ್ಲ ಸೂಜಿ ಚುಚ್ಚೋಳು ನೀನು. ನಿಂಗೊಂದು ಮುಳ್ಳು ಚುಚ್ಚಿದ್ರೆ ಏನಾತವ್ವ?"

ಕಿಲಾರಿ ಎಂದರೆ ದೇವರ ದನ ಕಾಯುವವನು. ಈ ಕಡೆಯ ಕೆಲವು ಹಟ್ಟಿಗಳಲ್ಲಿ ದೇವರಿಗೆಂದೇ ಬಿಟ್ಟ ಎತ್ತು, ಹಸುಗಳ ಹಿಂಡು ಇರುತ್ತದೆ. ಅವಕ್ಕೆ ಮೂಗುದಾರವಿಲ್ಲ, ನೊಗವಿಲ್ಲ, ಮಾರುವಂತಿಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಮುಳ್ಳುಬೇಲಿ ಹಾಕಿದ ದೊಡ್ಡ ರೊಪ್ಪದಲ್ಲಿ ಹಿಂಡು ಮಲಗುತ್ತದೆ, ಕಿಲಾರಿಯೂ ಅದರ ನಡುವೆಯೇ ಮಲಗುತ್ತಾನೆ. ಹಿರಿಯ ಕಿಲಾರಿಯ ಕೈಯಲ್ಲಿ ಒಂದು ಬೆತ್ತ ಇರುತ್ತದೆ. ಹಿಂಡು ಯಾವ ದಿಕ್ಕಿಗೆ ಮೇಯಬೇಕು, ಯಾವ ಹಳ್ಳದಲ್ಲಿ ನೀರಿಗಿಳಿಯಬೇಕು ಎಂಬುದೆಲ್ಲ ಬೆತ್ತ ಹಿಡಿದವನ ಮಾತು. ಆ ಬೆತ್ತ ಕೈಗೆ ಬಂದ ಮೇಲೆ ಹೆಂಡ ಮುಟ್ಟುವಂತಿಲ್ಲ, ಹಟ್ಟಿಯಾಚೆ ಉಣ್ಣುವಂತಿಲ್ಲ, ಚಪ್ಪಲಿ ಮೆಟ್ಟುವ ಮಾತಂತೂ ಹುಟ್ಟಿದಾಗಿನಿಂದಲೇ ಇಲ್ಲ. ಅಜ್ಜ ಮೀಸೆ ಮೂಡುವ ಮೊದಲೇ ರೊಪ್ಪಕ್ಕೆ ಬಂದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಎಣ್ಣೆಮಿಲ್ಲಿನಲ್ಲಿ ದುಡಿಯುವ ಗಂಡನ ಜೊತೆ ಚಳ್ಳಕೆರೆಯಲ್ಲಿದ್ದಳು.

ಅಜ್ಜನ ಒಂದು ರೂಢಿ ನನಗೆ ಬಹಳ ಇಷ್ಟವಾಗಿತ್ತು. ಬೆಳಿಗ್ಗೆ ರೊಪ್ಪದ ಬೇಲಿ ಸರಿಸುವ ಮೊದಲು ಅವರು ಒಳಗಿದ್ದ ದೇವರ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಾತಾಡುತ್ತಿದ್ದರು. ಮಂತ್ರವಲ್ಲ, ಮಾತು. ಅರ್ಧ ಕನ್ನಡ, ಅರ್ಧ ತೆಲುಗು. "ಏಮ್ ಸಾಮಿ, ನಿದ್ರ ಪೋಯಿನಾವಾ?" ಎಂದು ದೇವರಿಗೆ ನಿದ್ದೆ ಬಂತೇ ಎಂದು ವಿಚಾರಿಸಿಕೊಂಡು, ಆಮೇಲೆ ಹಿಂಡಿನ ವರದಿ. ಕೆಂದಹಸು ಕರು ಹಾಕಿತು, ಹಂಡೆತ್ತಿನ ಕೊಂಬು ಬಿರುಕು ಬಿಟ್ಟಿದೆ, ನಿನ್ನೆ ನೀರು ಕಲಕಾಗಿತ್ತು, ದನ ಸರಿಯಾಗಿ ಕುಡಿಯಲಿಲ್ಲ. ನಡುನಡುವೆ ಬೈಗುಳವೂ ಇರುತ್ತಿತ್ತು. ಪಕ್ಕದ ಮನೆಯವರ ಜೊತೆ ಕಟ್ಟೆಯ ಮೇಲೆ ಕೂತು ಆಡುವ ಮಾತಿನ ಹಾಗೆ.

ಚರ್ಮಗಂಟು ರೋಗ ಬಂದ ವರ್ಷ. ಮಳೆ ಬಿದ್ದು ನೊಣ ಎದ್ದಿದ್ದ ಕಾಲ. ಅಜ್ಜನ ತಂಗಿಯ ಮಗ, ಅವನೂ ಕಿಲಾರಿಯೇ, ಬೆಳಿಗ್ಗೆ ಫೋನ್ ಮಾಡಿದ.

"ಮೇಡಂ, ಪಟ್ಟದೆತ್ತಿಗೆ ಮೈತುಂಬ ಗಂಟು ಎದ್ದೈತೆ. ಮಾಮ ನಿಮ್ಮನ್ನ ಕರಿ ಅಂದ. ಬೇಗ ಬರ್ರಿ."

ಪಟ್ಟದೆತ್ತು ಎಂದರೆ ಹಿಂಡಿನ ಮುಖ್ಯ ಎತ್ತು. ಪೂಜೆಯ ದಿನ ದೇವರ ಪೆಟ್ಟಿಗೆ ಹೊರುವುದು ಅದೇ. ಅದಕ್ಕೆ ಅಜ್ಜ ಇಟ್ಟ ಹೆಸರು ಸಾಮಿ. ಕಲ್ಲಿಗೂ ಸಾಮಿ, ಎತ್ತಿಗೂ ಸಾಮಿ. ಅಜ್ಜನಿಗೆ ಎರಡರ ನಡುವೆ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ನಾನು ಹೋಗುವ ಹೊತ್ತಿಗೆ ರೊಪ್ಪದ ಮುಂದೆ ಜನ ಸಾಲುಗಟ್ಟಿದ್ದರು. ಪಟ್ಟದೆತ್ತಿಗೆ ಕಾಯಿಲೆಯಾದರೆ ಅದು ಹಿಂಡಿನ, ಹಟ್ಟಿಗಳ ಕಾಯಿಲೆಯನ್ನು ತನ್ನ ಮೈಮೇಲೆ ಎಳೆದುಕೊಂಡಿದೆ ಎಂಬ ನಂಬಿಕೆ. ಸುತ್ತಲಿನ ಜನ ಬಂದು ಅದರ ಮೈಗೆ ಅರಿಸಿನ ಹಚ್ಚುತ್ತಾರೆ, ಅದೇ ಅರಿಸಿನವನ್ನು ಎಲೆಯಲ್ಲಿ ಒರೆಸಿಕೊಂಡು ಹೋಗಿ ತಮ್ಮ ಮನೆಯ ದನಗಳ ಹಣೆಗಿಡುತ್ತಾರೆ. ಎತ್ತನ್ನು ಹಿಂಡಿನ ನಟ್ಟನಡುವೆ ಮಲಗಿಸಿ ಉಳಿದ ದನಗಳು ಅದರ ಸುತ್ತ ಇರುವಂತೆ ನೋಡಿಕೊಳ್ಳುತ್ತಾರೆ. ಸಾಮಿಯ ಮೈಮೇಲೆ ನೆಲ್ಲಿಕಾಯಿ ಗಾತ್ರದ ಗಂಟುಗಳು, ಕೆಲವು ಒಡೆದು ರಸ ಸೋರುತ್ತಿದ್ದವು. ಆ ರಸ ಮೆತ್ತಿದ ಅರಿಸಿನ ಎಲೆಯೆಲೆಯಾಗಿ ಹತ್ತಾರು ಹಟ್ಟಿಗಳಿಗೆ ಹೊರಟಿತ್ತು. ಇಷ್ಟು ಪ್ರೀತಿಯಿಂದ ರೋಗ ಹಂಚುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಕೂಗಾಡಿದೆ. ನನ್ನ ಗಂಟಲಿಗೆ ಇಲಾಖೆಯಲ್ಲಿ ಒಳ್ಳೆಯ ಹೆಸರೇ ಇದೆ. ಎಲೆಗಳನ್ನು ಕಸಿದು ಬೆಂಕಿಗೆ ಹಾಕಿಸಿದೆ. ಪಟ್ಟದೆತ್ತನ್ನು ಇವತ್ತೇ ಹಿಂಡಿನಿಂದ ದೂರ ಒಯ್ಯಬೇಕು, ಹೊರಗಿನವರು ಯಾರೂ ರೊಪ್ಪದ ಹತ್ತಿರ ಸುಳಿಯಬಾರದು, ಆರೋಗ್ಯವಾಗಿರುವ ದನಗಳಿಗೆಲ್ಲ ಲಸಿಕೆ ಹಾಕಬೇಕು ಎಂದು ಸುತ್ತೋಲೆ ಓದಿದೆ. ಹಟ್ಟಿಯಿಂದ ನೋಡಿದರೆ ಬ್ರಹ್ಮಗಿರಿ ಕಾಣುತ್ತದೆ. ಅಲ್ಲಿನ ಬಂಡೆಯ ಮೇಲೆ ಅರಸನೊಬ್ಬ ಕೊರೆಸಿದ ಆಜ್ಞೆ ಎರಡು ಸಾವಿರ ವರ್ಷದಿಂದ ಉಳಿದಿದೆ. ನನ್ನ ಆಜ್ಞೆ ಎರಡು ನಿಮಿಷವೂ ಉಳಿಯಲಿಲ್ಲ.

"ಪಟ್ಟದೆತ್ತು ಇಲ್ದೆ ಹಿಂಡು ಯಾವತ್ತೂ ಮಲಗಿಲ್ಲ ತಾಯಿ," ಎಂದರು ಪೂಜಾರಿ. "ಅದು ರೊಪ್ಪ ದಾಟ್ಬೇಕಂದ್ರೆ ದೇವ್ರ ಅಪ್ಪಣೆ ಆಗ್ಬೇಕು. ಹೂ ಕೇಳ್ಬೇಕು."

"ಕೇಳಿ. ಈಗಲೇ ಕೇಳಿ."

"ಈಗ ಹೆಂಗೆ ಆಗ್ತೈತೆ? ನಾಳೆ ಹೊತ್ತು ಹುಟ್ಟೋಕೆ, ಮಡೀಲಿ."

ನಾನು ಅಜ್ಜನ ಕಡೆ ನೋಡಿದೆ. ಅವರು ಎತ್ತಿನ ಕುತ್ತಿಗೆಯಡಿಯ ಗಂಗೆದೊಗಲು ನೀವುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಎತ್ತಿನ ಜ್ವರ ನೂರೈದು ದಾಟಿತ್ತು, ಮುಂಗಾಲು ಊದಿ ಕಂಬದಂತಾಗಿತ್ತು. ಜ್ವರಕ್ಕೊಂದು, ಗಾಯ ಕೀವಾಗದಂತೆ ಒಂದು ಇಂಜೆಕ್ಷನ್ ಕೊಟ್ಟು, ರೊಪ್ಪದ ಸುತ್ತ ಬೇವಿನ ಸೊಪ್ಪಿನ ಹೊಗೆ ಹಾಕಲು ಹೇಳಿ ಬಂದೆ. ಸಂಜೆ ಜೀಪನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಚಳ್ಳಕೆರೆಗೆ ಬರುವಾಗ ಇಡೀ ದಾರಿ ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು.

ಮರುದಿನ ಬೆಳಿಗ್ಗೆ ಲಸಿಕೆಯ ಐಸ್ ಪೆಟ್ಟಿಗೆಯೊಂದಿಗೆ ಹೋದೆವು. ನಾನು, ನಮ್ಮ ಪಶುವೈದ್ಯ ಪರೀಕ್ಷಕ, ಒಬ್ಬ ಸಹಾಯಕ. ಪರೀಕ್ಷಕ ಅದೇ ಸೀಮೆಯವನು. ಎಲ್ಲ ಪದ್ಧತಿ ಗೊತ್ತಿದ್ದವನು. ಪೂಜಾರಿ ದೇವರ ಕಲ್ಲಿಗೆ ನೀರೆರೆದು, ಕಣಗಿಲೆ ಹೂವಿನ ಒದ್ದೆ ಎಸಳುಗಳನ್ನು ಬಲಕ್ಕೊಂದು ಎಡಕ್ಕೊಂದು ಅಂಟಿಸಿದರು. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಹಟ್ಟಿಯ ಜನವೆಲ್ಲ ನೆಲದ ಮೇಲೆ ಕೂತರು.

ಹೂ ಬೀಳಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಬಿಸಿಲೇರಿತು. ಪೂಜಾರಿ ಮತ್ತೆ ನೀರೆರೆದು ಹೊಸ ಎಸಳು ಅಂಟಿಸಿದರು. ಅವೂ ಕದಲಲಿಲ್ಲ. ಈ ಲಸಿಕೆಯನ್ನು ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಹಾಕಿ ಮುಗಿಸಬೇಕು, ಆದ್ದರಿಂದ ಕಲಸುವಂತಿರಲಿಲ್ಲ. ಕಲಸದಿದ್ದರೂ ಪೆಟ್ಟಿಗೆಯ ಐಸ್ ಕರಗುತ್ತಿತ್ತು. ರೊಪ್ಪದ ಒಳಗೆ ಸಾಮಿಯ ಗಾಯದಿಂದ ಎದ್ದ ನೊಣ ಪಕ್ಕದ ಹಸುವಿನ ಬೆನ್ನಿಗೆ, ಅಲ್ಲಿಂದ ಕರುವಿನ ಕಿವಿಗೆ ಹೋಗಿ ಕೂರುವುದನ್ನು ನಾನು ನೋಡುತ್ತ ಕೂತಿರಬೇಕಾಗಿತ್ತು.

ತಡೆಯಲಾಗದೆ ಎದ್ದು ಹುಣಸೆಮರದ ಹತ್ತಿರ ಹೋದೆ. ಹೇಗೂ ಮಧ್ಯಾಹ್ನದ ಹೊತ್ತಾಗಿತ್ತು. ಕ್ಯಾನಿನ ನೀರಿನಲ್ಲಿ ಕೈಕಾಲು ತೊಳೆದು, ಜೀಪಿನ ನೆರಳಿನಲ್ಲಿ ದುಪಟ್ಟಾ ಹಾಸಿ ನಮಾಜು ಮಾಡಿದೆ. ಮುಗಿಸಿ ತಿರುಗಿದರೆ ಅಜ್ಜ ಸ್ವಲ್ಪ ದೂರದಲ್ಲಿ ಬೆತ್ತ ಊರಿಕೊಂಡು ಕಾಯುತ್ತ ನಿಂತಿದ್ದರು.

"ಏನ್ ಕೇಳ್ದೆ ನಿಮ್ ದೇವ್ರನ್ನ?"

"ಸಿಟ್ಟು ಕಮ್ಮಿ ಮಾಡಪ್ಪ ಅಂತ."

"ಮಾಡಿದ್ನಾ?"

"ಇನ್ನೂ ಇಲ್ಲ ಅಜ್ಜ."

ಅವರು ನಕ್ಕು ನೆಲದ ಮೇಲೆ ಕೂತರು. ನಾನೂ ಕೂತೆ. ಬೆತ್ತವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೇಳಿದರು.

"ಸಾಮಿನ ಆಚಿಗೆ ತಂದ್ರೆ ಉಳಿದವು ಉಳೀತಾವಾ? ನಂಗೆ ಸಮಾಧಾನ ಬ್ಯಾಡ. ಸುಳ್ಳು ಹೇಳ್ಬೇಡ."

"ಎಲ್ಲ ಉಳೀತಾವೆ ಅನ್ನಲ್ಲ ಅಜ್ಜ. ಬಾಳ ಉಳೀತಾವೆ."

"ಸಾಮಿ?"

ನಾನು ರೊಪ್ಪದ ಕಡೆ ತಿರುಗಿದೆ. ಅವರು ತಲೆಯಾಡಿಸಿದರು. ನನ್ನ ಉತ್ತರ ಅವರಿಗೆ ಮೊದಲೇ ಗೊತ್ತಿತ್ತು ಎನಿಸಿತು.

ಅಷ್ಟರಲ್ಲಿ ತಂಗಿಯ ಮಗ ಓಡಿ ಬಂದ. ನಾನಿದ್ದೇನೆಂದು ದನಿ ತಗ್ಗಿಸಿದರೂ ಕೇಳಿಸಿತು. "ಮಾಮ, ಪೂಜಾರಪ್ಪಗೆ ಹೇಳಾನ? ಬಲಗಡೆ ಎಸಳಿಗೆ ನೀರು ಕಮ್ಮಿ ಹಚ್ಚಿದ್ರೆ ಬಿಸಿಲಿಗೆ ಒಣಗಿ ತಾನೇ ಬೀಳ್ತೈತೆ. ಯಾರ್ಗೂ ಗೊತ್ತಾಗಲ್ಲ."

ನನಗಂತೂ ಒಳ್ಳೆಯ ಉಪಾಯವೆನಿಸಿತು. ಅಜ್ಜ ಅವನನ್ನು ಬಹಳ ಹೊತ್ತು ನೋಡಿದರು.

"ಯಾರ್ಗೂ ಗೊತ್ತಾಗಲ್ವಾ? ಲೇ, ದಿನಾ ಹೊತ್ತು ಹುಟ್ಟೋಕೆ ನಾನು ಅವ್ನ ಮುಂದೆ ಕೂತು ಮಾತಾಡ್ತೀನಿ. ನಾಳೆ ಯಾವ ಮುಖ ಹೊತ್ಕೊಂಡು ಕೂತ್ಕೊಳ್ಲಿ?"

ಎದ್ದು ರೊಪ್ಪಕ್ಕೆ ಹೋದರು. ನಾನೂ ಹಿಂದೆಯೇ ಹೋದೆ. ಕಲ್ಲಿನ ಮುಂದೆ ನಿಂತು, ಜನರ ಕಡೆ ತಿರುಗಿ, ಏರುದನಿಯಿಲ್ಲದೆ ಹೇಳಿದರು.

"ಹೂ ಬಿದ್ದಿಲ್ಲ. ಬಿದ್ದೈತೆ ಅಂತ ನಾನು ಹೇಳಲ್ಲ. ಅವ್ನು ಬೇಡ ಅಂತಲೂ ಅಂದಿಲ್ಲ. ನೀನೇ ಹೊತ್ಕೋ ಅಂತ ಸುಮ್ನೆ ಕೂತವ್ನೆ. ಅವ್ನು ಹಂಗೆ ಸುಮ್ನಾದ್ರೆ ಏನಂತ ನಂಗೆ ಗೊತ್ತೈತೆ. ಸಾಮಿನ ನಾನು ಆಚಿಗೆ ಕರ್ಕೊಂಡು ಹೋಗ್ತೀನಿ. ಡಾಕ್ಟ್ರಮ್ಮ ಹೇಳಿದ್ದೆಲ್ಲ ಆಗ್ಲಿ. ತಪ್ಪಾದ್ರೆ ಅವ್ನು ನನ್ನ ಕೇಳ್ಲಿ. ನಿಮ್ಮನ್ನಲ್ಲ."

ಪೂಜಾರಿ ಮೆಲ್ಲಗೆ, "ಕಟ್ಟಳೆ ಗೊತ್ತೈತಲ್ಲ?" ಎಂದರು.

"ಗೊತ್ತೈತೆ," ಎಂದರು ಅಜ್ಜ.

ಆ ಕಟ್ಟಳೆ ಏನೆಂದು ಪರೀಕ್ಷಕ ನನ್ನ ಕಿವಿಯಲ್ಲಿ ಹೇಳಿದ. ಹೂವಿನ ಅಪ್ಪಣೆಯಿಲ್ಲದೆ ದೇವರ ಹಿಂಡನ್ನು ಒಡೆದ ಕಿಲಾರಿ ಬೆತ್ತ ಇಳಿಸಬೇಕು. ಇಳಿಸಿದ ಮೇಲೆ ರೊಪ್ಪದೊಳಗೆ ಕಾಲಿಡುವಂತಿಲ್ಲ, ಹಿಂಡನ್ನು ಕರೆಯುವಂತಿಲ್ಲ. ಎಷ್ಟು ದಿನ ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, "ದಿನ ಅಂತ ಏನಿಲ್ಲ ಮೇಡಂ. ಇರೋವರೆಗೂ," ಎಂದ.

ಹತ್ತಾರು ಕಡೆ ಇಂಥದೇ ಕೆಲಸ ಮಾಡಿಸಿದವಳು ನಾನು. ಬೇರೆಯವರ ದನವನ್ನು ಬೇರೆ ಕಟ್ಟಿಸುವಾಗೆಲ್ಲ, "ನಂದೇನಿಲ್ಲಪ್ಪ, ಆರ್ಡರ್ ಹಾಗಿದೆ," ಎಂದು ಕಾಗದ ತೋರಿಸಿ ಪಾರಾಗುತ್ತಿದ್ದೆ. ಅಜ್ಜನಿಗೆ ತೋರಿಸಲು ಕಾಗದವಿರಲಿಲ್ಲ. ದೇವರಿದ್ದ, ಆದರೆ ಆತನ ಹಿಂದೆ ಅವಿತುಕೊಳ್ಳಲು ಅವರು ಒಪ್ಪಲಿಲ್ಲ. ದೇವರಿಗೆ ಹೆದರುವವರು ಅಂದು ಅಲ್ಲಿ ಬೇಕಾದಷ್ಟು ಜನ ಇದ್ದರು, ಎಲ್ಲರೂ ಹೂವಿಗಾಗಿ ಕಾಯುತ್ತ ಕೂತಿದ್ದರು. ದಿನವೂ ಮಾತಾಡಿ ಸಲಿಗೆಯಿದ್ದ ಒಬ್ಬರೇ ಎದ್ದು ನಿಂತರು. ಅಬ್ಬಾ ಬ್ರೇಕ್ ಕಟ್ಟುವಾಗ ಹೇಳುವ ಮಾತು ನೆನಪಾಯಿತು: ದುವಾ ಮಾಡು, ಆದರೆ ನಟ್ಟು ಬಿಗಿಯುವ ಪಾನಾ ಹಿಡಿದಿರುವ ಕೈ ನಿನ್ನದು, ಬಸ್ಸಿನಲ್ಲಿ ಕೂತವರ ಬಗ್ಗೆ ಅಲ್ಲಾಹ್ ನಿನ್ನನ್ನೇ ಕೇಳುತ್ತಾನೆ. ಅದನ್ನು ಚಿಕ್ಕಂದಿನಿಂದ ಕೇಳಿದ್ದೆ, ಅಂದು ಕಣ್ಣಾರೆ ಕಂಡೆ.

ಮೊದಲು ಆರೋಗ್ಯದ ದನ, ಕೊನೆಗೆ ರೋಗದ್ದು. ಅದು ನಮ್ಮ ಕ್ರಮ. ಸಾಮಿಯನ್ನು ಮುಟ್ಟಿದ್ದ ಅಜ್ಜನಿಗೆ ಸ್ನಾನ ಮಾಡಿಸಿ, ಬೇರೆ ಪಂಚೆ ಉಡಿಸಿ ರೊಪ್ಪದ ಬಾಯಿಯಲ್ಲಿ ಕೂರಿಸಿದೆವು. ಬೊಂಬು ಅಡ್ಡ ಕಟ್ಟಿ ಒಂದೇ ದನ ನುಗ್ಗುವಷ್ಟು ಇಕ್ಕಟ್ಟು ಮಾಡಿದೆವು. ಮೂಗುದಾರ ಕಾಣದ ದನಗಳು, ಹಗ್ಗ ಹಾಕಿದರೆ ನಮ್ಮನ್ನೇ ಎಳೆದುಕೊಂಡು ಹೋಗುತ್ತವೆ. ಅಜ್ಜ ಒಂದೊಂದನ್ನೂ ಹೆಸರು ಹಿಡಿದು ಕರೆದರು. ಬಂದು ಅವರ ಭುಜಕ್ಕೆ ಮೂತಿ ಒತ್ತಿ ನಿಂತವು. ನಾನು ಬೊಂಬಿನ ಸಂದಿಯಿಂದ ಕೈ ತೂರಿಸಿ, ಕುತ್ತಿಗೆಯ ಚರ್ಮ ಎತ್ತಿ ಹಿಡಿದು ಅದರಡಿಗೆ ಲಸಿಕೆ ಕೊಟ್ಟೆ. ಪ್ರತಿ ದನಕ್ಕೂ ಹೊಸ ಸೂಜಿ. ಆಗಲೇ ಮೈ ಬಿಸಿಯಾಗಿದ್ದ ಎರಡು ಹಸುಗಳನ್ನು ಬಿಟ್ಟೆವು, ಜ್ವರವಿದ್ದರೆ ಹಾಕುವಂತಿಲ್ಲ. ಕೊನೆಯ ದನ ಲಸಿಕೆ ಹಾಕಿಸಿಕೊಂಡು ರೊಪ್ಪದೊಳಗೆ ಮರಳುವಾಗ ಬಿಸಿಲು ಇಳಿದಿತ್ತು. ಅಜ್ಜ ಆ ಹಿಂಡನ್ನು ಹೆಸರು ಹಿಡಿದು ಕರೆದದ್ದು ಅದೇ ಕೊನೆ. ಅವರಿಗೆ ಅದು ಗೊತ್ತಿತ್ತು, ಆದರೂ ಯಾವ ಹೆಸರನ್ನೂ ಎರಡು ಸಲ ಕರೆಯಲಿಲ್ಲ.

ಆಮೇಲೆ ಬೆತ್ತವನ್ನು ಕಲ್ಲಿಗೆ ಒರಗಿಸಿಟ್ಟು ಸಾಮಿಯ ಹತ್ತಿರ ಹೋದರು. ಎತ್ತಿನ ಮುಂದೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತ, "ರಾ ಸಾಮಿ, ರಾ," ಎಂದರು. ಊದಿದ ಕಾಲು ಎಳೆಯುತ್ತ ಅದು ಹೊರಟಿತು. ಜ್ವರದ ಎರಡು ಹಸುಗಳೂ ಹಿಂದೆ ಹೋದವು. ಹಿಂಡು ಬೇಲಿಯ ತನಕ ಬಂದು ನಿಂತು ಒಂದೇ ಸಮನೆ ಅಂಬಾ ಎಂದಿತು. ಬೇಲಿ ಮುಚ್ಚಿದ ತಂಗಿಯ ಮಗ ಅಳುತ್ತಿದ್ದ.

ದಿಬ್ಬದ ಆಚೆ ಹೊಂಗೆಮರಗಳ ಕೆಳಗೆ ಒಂದು ಗುಡಿಸಲು ಹಾಕಿಸಿದೆವು. ರೋಗದ ದನ ಮುಟ್ಟಿದವರು ಒಳ್ಳೆಯ ದನದ ಹತ್ತಿರ ಹೋಗಬಾರದೆಂಬುದು ನಮ್ಮ ನಿಯಮ, ಹಾಗಾಗಿ ಅಜ್ಜನೂ ಅಲ್ಲೇ ಉಳಿದರು. ಹಿಂದೆ ಕುದಾಪುರದ ಮೇವಿನ ಕಾವಲು ತೆರೆದಿದ್ದಾಗ ಹಿಂಡನ್ನು ಅಷ್ಟು ದೂರ ಒಯ್ಯಬಹುದಿತ್ತು, ದನಿ ಕೇಳಿಸುತ್ತಿರಲಿಲ್ಲ ಎಂದು ತಂಗಿಯ ಮಗ ಕೊರಗಿದ. ಈಗ ಅಲ್ಲಿ ವಿಜ್ಞಾನ ಸಂಶೋಧನಾ ಸಂಸ್ಥೆಗಳು ಕಟ್ಟಿಸಿದ ಗೋಡೆ. ದಿಬ್ಬದ ಆಚೆಗೆ ಹಿಂಡಿನ ಕೂಗು ಸ್ಪಷ್ಟವಾಗಿ ಕೇಳಿಸುತ್ತಿತ್ತು, ಸಾಮಿ ಕಿವಿ ನಿಮಿರಿಸಿ ಏಳಲು ನೋಡುತ್ತಿತ್ತು.

ನಾನು ದಿನಾ ಹೋದೆ. ಮೊದಲು ಸುತ್ತಲಿನ ಹಟ್ಟಿಗಳಿಗೆ ಲಸಿಕೆ, ಹೊರಗಿನಿಂದ ಒಳಕ್ಕೆ, ಕೊನೆಯಲ್ಲಿ ಗುಡಿಸಲು. ನಡುವೆ ಲಸಿಕೆ ತೀರಿತು. ಚಳ್ಳಕೆರೆಯಿಂದ ತರಿಸಬೇಕಾಯಿತು, ಖಾಸಗಿ ಬಸ್ಸಿನ ಕಂಡಕ್ಟರೊಬ್ಬ ಐಸ್ ಪೆಟ್ಟಿಗೆಯನ್ನು ತನ್ನ ಸೀಟಿನಲ್ಲಿ ಕೂರಿಸಿ, ತಾನು ನಿಂತುಕೊಂಡು ತಂದ. ಅರಿಸಿನ ಒಯ್ದಿದ್ದ ಹಟ್ಟಿಗಳಲ್ಲಿ ಗಂಟು ಎದ್ದೇ ಎದ್ದವು. ಅಜ್ಜ ಹೂ ಮೀರಿದ್ದಕ್ಕೇ ಹೀಗಾಯಿತು ಎಂಬ ಮಾತೂ ಎದ್ದಿತು. ಆ ಮಾತು ಕೇಳಿ ನಾನು ಒಬ್ಬ ಯಜಮಾನನ ಮೇಲೆ ಹರಿಹಾಯ್ದೆ. ಅಜ್ಜನಿಗೆ ಗೊತ್ತಾಗಿ ನನ್ನನ್ನೇ ಗದರಿದರು.

"ಬೈಬ್ಯಾಡ. ಅವ್ರ ದನ ಸಾಯ್ತಾ ಐತೆ. ಯಾರ್ನಾದ್ರೂ ಬೈಬೇಕಲ್ಲ ಪಾಪ. ನನ್ನ ಬೈಲಿ."

ಎರಡು ಹಸುಗಳು ಚೇತರಿಸಿಕೊಂಡವು. ಸಾಮಿ ಸೊರಗುತ್ತ ಹೋಯಿತು. ಗಂಟುಗಳು ಒಡೆದು ಕುತ್ತಿಗೆಯಲ್ಲಿ ಅಂಗೈ ಅಗಲದ ಗಾಯ, ಹುಳ ಬಿದ್ದವು. ಟರ್ಪೆಂಟೈನ್ ಎಣ್ಣೆಯ ಬತ್ತಿಯಿಟ್ಟು, ಚಿಮಟದಿಂದ ಒಂದೊಂದೇ ತೆಗೆದು, ಬೇವು ಅರಿಸಿನ ಅರೆದು ಹಚ್ಚಿದೆವು. ಗ್ಲೂಕೋಸ್ ಬಾಟಲಿಯನ್ನು ಹೊಂಗೆಯ ಕೊಂಬೆಗೆ ನೇತುಹಾಕಿ ಕುತ್ತಿಗೆಯ ನರಕ್ಕೆ ಏರಿಸಿದೆ. ಗಂಟಲೊಳಗೂ ಗಂಟು ಎದ್ದು ಉಸಿರು ಗೊರಗೊರ ಎನ್ನತೊಡಗಿದಾಗ ಅದು ಉಳಿಯದೆಂದು ನನಗೆ ಗೊತ್ತಾಯಿತು. ಅಜ್ಜ ರಾಗಿ ಅಂಬಲಿಯನ್ನು ಅಂಗೈಯಲ್ಲಿ ಹಿಡಿದು ನೆಕ್ಕಿಸಲು ನೋಡುತ್ತಿದ್ದರು. ಅದು ನೆಕ್ಕುತ್ತಿರಲಿಲ್ಲ. ಅವರ ಮನಸ್ಸು ನೋಯಬಾರದೆಂದು ಮೂತಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನಿರುತ್ತಿತ್ತು.

"ದೇವ್ರ ಹತ್ರ ಮಾತಾಡಿದ್ರಾ ಅಜ್ಜ?" ಎಂದು ಕೇಳಿದೆ.

"ದಿನಾ ಮಾತಾಡ್ತೀನಿ. ರೊಪ್ಪಕ್ಕೆ ಹೋಗಂಗಿಲ್ಲ ಅಂತ ಇಲ್ಲಿಂದ್ಲೇ. ನಿನ್ನೆ ಬಾಳ ಬೈದೆ."

"ಏನಂತ?"

"ನನ್ನ ತಗೋ, ಇದನ್ನ ಬಿಡು ಅಂದೆ." ಕೈಗಂಟಿದ ಅಂಬಲಿಯನ್ನು ಪಂಚೆಗೆ ಒರೆಸಿಕೊಂಡರು. "ಕೇಳ್ಸಿಕೊಳ್ಳಲ್ಲ ಅವ್ನು."

ಮರುದಿನ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಸಾಮಿಯ ತಲೆ ಅಜ್ಜನ ತೊಡೆಯ ಮೇಲಿತ್ತು. ನಾನು ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಕೇಳಬೇಕಾದ್ದೇನೂ ಉಳಿದಿರಲಿಲ್ಲ. ದನ ಸಾಯುವುದು ನನ್ನ ಕೆಲಸದಲ್ಲಿ ಹೊಸದಲ್ಲ. ಆದರೂ ಮುಖ ತಿರುಗಿಸಿ ಅತ್ತೆ. ಪರೀಕ್ಷಕ ನೋಡಿದ, ನೋಡಲಿ ಎಂದುಕೊಂಡೆ.

ಪಟ್ಟದೆತ್ತನ್ನು ರೊಪ್ಪದ ಪಕ್ಕದಲ್ಲಿ, ಹಿಂದಿನ ಪಟ್ಟದೆತ್ತುಗಳ ಸಾಲಿನಲ್ಲಿ ಮಣ್ಣು ಮಾಡಬೇಕು. ಅಲ್ಲಿಗೆ ಒಯ್ದರೆ ಹಿಂಡಿನ ಮುಂದೆಯೇ ಹಾದು ಹೋಗಬೇಕು. ಅದು ಆಗದು ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಸುಣ್ಣದ ಚೀಲದ ಬಾಯಿ ಬಿಚ್ಚುತ್ತ ನಿಂತಿದ್ದೆ. ಅಜ್ಜನೇ ಹೇಳಿದರು, "ಇಲ್ಲೇ ತೆಗೀರಿ." ಕಲ್ಲುನೆಲ, ಹಟ್ಟಿಯ ಗಂಡಸರು ಹಾರೆ ಹಿಡಿದು ಆಳು ಮುಳುಗುವಷ್ಟು ತೋಡಿದರು. ಅವರ ಹೊಸ ಬಟ್ಟೆ, ಅರಿಸಿನ, ಹೂವು. ನನ್ನ ಉಪ್ಪು, ಸುಣ್ಣ. ಎರಡೂ ಒಂದರ ಮೇಲೊಂದು ಬಿದ್ದವು.

ಸೀಮೆಯಲ್ಲಿ ರೋಗ ಇಳಿಯಿತು. ಆ ಹಿಂಡಿನಲ್ಲಿ ಸಾಮಿ ಮತ್ತು ಒಂದು ಎಳೆಗರು ಬಿಟ್ಟರೆ ಎಲ್ಲ ಉಳಿದವು. ಬೆತ್ತ ತಂಗಿಯ ಮಗನ ಕೈಗೆ ಹೋಯಿತು. ಹಿಂಡು ಉಳಿದದ್ದರಿಂದ ಹಟ್ಟಿಯವರು ಕಟ್ಟಳೆ ಸಡಿಲಿಸಬಹುದೆಂದು ನಾನು ಆಸೆಪಟ್ಟಿದ್ದೆ. ಯಜಮಾನರು ಬಾಯಿಬಿಟ್ಟು ಕೇಳಿಯೂ ಕೇಳಿದರಂತೆ, ಅಜ್ಜನೇ ಒಪ್ಪಲಿಲ್ಲ. "ನನಗೊಬ್ಬನಿಗೆ ಬಿಟ್ರೆ ನಾಳೆ ಬರೋನು ಹೂವಿಗೇ ಕಾಯಲ್ಲ," ಎಂದರಂತೆ.

ಮತ್ತೊಮ್ಮೆ ತಪಾಸಣೆಗೆಂದು ಹೋದ ದಿನ ಅಜ್ಜ ಹುಣಸೆಮರದ ಕೆಳಗೆ ಕೂತಿದ್ದರು. ತಂಗಿಯ ಮಗ ಬೇಲಿ ಸರಿಸಿದ. ಹಿಂಡು ಹೊರಟಿತು. ಅಜ್ಜನನ್ನು ಕಂಡದ್ದೇ ತಡ, ಮುಂದಿದ್ದ ಹಂಡೆತ್ತು ದಾರಿ ಬಿಟ್ಟು ಮರದ ಕಡೆ ತಿರುಗಿತು. ಹಿಂದೆಯೇ ಎಲ್ಲವೂ. ಬಂದು ಅವರ ಸುತ್ತ ನಿಂತವು. ಅಜ್ಜ ಮೊಣಕಾಲಿನ ನಡುವೆ ತಲೆ ಹುದುಗಿಸಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ಮುಟ್ಟಲಿಲ್ಲ, ಕರೆಯಲಿಲ್ಲ. ಹಂಡೆತ್ತು ಅವರ ಬೆನ್ನು ನೆಕ್ಕುತ್ತಿತ್ತು. ತಂಗಿಯ ಮಗ ಬೆತ್ತ ಹಿಡಿದು ಕೂಗಿ ಕೂಗಿ ಸೋತ.

"ದಿನಾ ಹಿಂಗೇ ಮೇಡಂ," ಎಂದ. "ನೀರಿಗೂ ಹೋಗಲ್ಲ."

ಅಜ್ಜ ತಲೆ ಎತ್ತದೆಯೇ ನನಗೆ ಹೇಳಿದರು, "ಡಾಕ್ಟ್ರಮ್ಮ, ನಿನ್ ಜೀಪು ಚಳ್ಳಕೆರೆಗೆ ಹೋಗ್ತೈತಾ? ನನ್ನ ಮಗಳ ಮನೇಗೆ ಬಿಡು. ನಾನಿಲ್ಲಿದ್ರೆ ಇವು ಬೆತ್ತ ಹಿಡಿದೋನ ಹಿಂದೆ ಹೋಗಲ್ಲ."

ಜೀಪು ಹತ್ತಿಸಿಕೊಂಡೆವು. ಹಿಂಡು ಸ್ವಲ್ಪ ದೂರ ಹಿಂದೆ ಓಡಿ ಬಂತು. ಅಜ್ಜ ತಿರುಗಿ ನೋಡಲಿಲ್ಲ. ನಾನು ಕನ್ನಡಿಯಲ್ಲಿ ನೋಡಿದೆ, ಧೂಳು ಇಳಿದ ಮೇಲೆ ಹಂಡೆತ್ತು ನಿಂತಿತು, ಮೆಲ್ಲಗೆ ಬೆತ್ತದ ಕಡೆ ತಿರುಗಿತು. ಅಜ್ಜನಿಗೆ ಹೇಳಿದೆ. "ಹೂಂ," ಎಂದರು, ಅಷ್ಟೇ. ಅವರ ಗಲ್ಲ ಒದ್ದೆಯಾಗಿತ್ತು.

ಮಗಳ ಮನೆ ಎಣ್ಣೆಮಿಲ್ಲುಗಳ ಹಿಂದಿನ ಓಣಿಯಲ್ಲಿ. ಶೇಂಗಾ ಹಿಂಡಿಯ ವಾಸನೆ. ಮಗಳು ಬಾಗಿಲಲ್ಲಿ ಅಪ್ಪನನ್ನು ನೋಡಿ ಏನು ಮಾಡಬೇಕೆಂದು ತೋಚದೆ ಒಳಗೋಡಿ ಒಂದು ಜೊತೆ ರಬ್ಬರ್ ಚಪ್ಪಲಿ ತಂದಿಟ್ಟಳು. "ಟಾರ್ ರೋಡು ಸುಡ್ತೈತೆ ಅಪ್ಪ. ಈಗ ಹಾಕ್ಕೋಬಹುದಲ್ಲ."

"ಹಾಕ್ಕೋಬಹುದು," ಎಂದರು ಅಜ್ಜ.

ಎಪ್ಪತ್ತು ದಾಟಿದವರಿಗೆ ಚಪ್ಪಲಿ ಮೆಟ್ಟುವುದು ಗೊತ್ತಿರಲಿಲ್ಲ. ಬೆರಳುಗಳು ಬಿರಿದು ಅಗಲವಾಗಿದ್ದವು, ಪಟ್ಟಿ ನಡುವೆ ಕೂರುತ್ತಿರಲಿಲ್ಲ. ನಾನು ನೆಲದ ಮೇಲೆ ಕೂತು ಅವರ ಪಾದವನ್ನು ಮಡಿಲಿಗೆ ಎತ್ತಿಕೊಂಡೆ. ಎಷ್ಟು ದನಗಳ ಗೊರಸು ಎತ್ತಿ ನೋಡಿದವಳು ನಾನು. ಹಿಮ್ಮಡಿಯಲ್ಲಿ ಯಾವ ಕಾಲದ್ದೋ ಮುಳ್ಳು ಮುರಿದು ಕಪ್ಪಾಗಿ ಕೂತಿತ್ತು. ಹೇಗೋ ಬೆರಳು ಸರಿಸಿ ಪಟ್ಟಿ ಸಿಕ್ಕಿಸಿದೆ. ಎದ್ದು ಎರಡು ಹೆಜ್ಜೆಯಿಟ್ಟರು. ಒಂದು ಚಪ್ಪಲಿ ಹಿಂದೆಯೇ ಉಳಿಯಿತು.

"ಇದ್ರಾಗೆ ನೆಲ ಗೊತ್ತಾಗಲ್ಲವ್ವ," ಎಂದು ಇನ್ನೊಂದನ್ನೂ ಬಿಟ್ಟು, ಎರಡನ್ನೂ ಹೊಸ್ತಿಲ ಪಕ್ಕ ಜೋಡಿಸಿಟ್ಟರು. ಆಮೇಲೆ ಓಣಿಯ ಎರಡೂ ತುದಿ ನೋಡಿದರು. "ಹಟ್ಟಿ ಯಾವ ದಿಕ್ಕಿಗೈತೆ ಇಲ್ಲಿಂದ?"

ಮಿಲ್ಲಿನ ಹೊಗೆಗೊಳವೆಯ ಕಡೆ ಕೈ ತೋರಿಸಿದೆ. ಅವರು ಆ ಕಡೆ ಮುಖ ಮಾಡಿ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತರು. ಪಕ್ಕದ ಮನೆಯವರ ಜೊತೆ ಆಡುವಂಥ ಅದೇ ದನಿಯಲ್ಲಿ ಮಾತು ಶುರುಮಾಡಿದರು.

"ಏಮ್ ಸಾಮಿ, ನಿದ್ರ ಪೋಯಿನಾವಾ? ಇಷ್ಟು ದಿನ ನಾನು ನಿಂಗೆ ಹೇಳ್ತಿದ್ದೆ. ಇನ್ಮೇಲೆ ನೀನೇ ನೋಡ್ಕೊಂಡು ನಂಗೆ ಹೇಳ್ಬೇಕು. ದನ ನೀರು ಕುಡಿದ್ವಾ?"